ಅಪ್ಪನಿಗೆ ಇ-ರೀಡರ್ ಕೊಡಿಸಲೇ? ಈ ಸಾಧನಕ್ಕೂ ಕನ್ನಡ ಇ-ಪುಸ್ತಕಕ್ಕೂ ಮುಂದೇನು?

ತೊಗರಿಹೊಲ, ಕಲಬುರಗಿ

ಎಲ್ಲರಿಗೂ ಶರಣಾರ್ಥಿ. ನಮ್ಮ ಅಪ್ಪನಿಗೆ ಈಗ 71. ಆಳಂದ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕನ್ನಡ ಕಲಿಸಿದವರು. ಈಗ ಕಲಬುರಗಿಯಲ್ಲಿ ನಮ್ಮ ಜೊತೆಗಿದ್ದಾರೆ. 2020ರ ಫೆಬ್ರವರಿಯಲ್ಲಿ ಇಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಆಗ ಮೂರೂ ದಿನ ಪುಸ್ತಕ ಮಳಿಗೆಗಳಲ್ಲೇ ಇದ್ದರು. ಎರಡು ಚೀಲ ಪುಸ್ತಕ ತಂದರು. ಅದರಲ್ಲಿ ಅರ್ಧ ಇನ್ನೂ ಹಾಗೇ ಇದೆ. ಓದಬೇಕೆಂಬ ಆಸೆ ಇದೆ, ಕಣ್ಣು ಕೇಳುತ್ತಿಲ್ಲ.

ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಆದರೂ ಸಣ್ಣ ಅಕ್ಷರ ಕಾಣುವುದಿಲ್ಲ. ಭೂತಗನ್ನಡಿ ಹಿಡಿದು ಹತ್ತು ಪುಟ ಓದುವಷ್ಟರಲ್ಲಿ ಕೈ ನೋಯುತ್ತದೆ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ಕೊಟ್ಟೆ. ಅರ್ಧ ಗಂಟೆಗೆ ಕಣ್ಣಲ್ಲಿ ನೀರು. ಮೇಲಾಗಿ ಅವರು ಓದುವುದು ಬೆಳಿಗ್ಗೆ, ಅಂಗಳದ ಬೇವಿನ ಗಿಡದ ಕೆಳಗೆ. ನಮ್ಮ ಬಿಸಿಲಿಗೆ ಫೋನ್ ಪರದೆಯಲ್ಲಿ ಅಕ್ಷರಕ್ಕಿಂತ ಅವರ ಮುಖವೇ ಜಾಸ್ತಿ ಕಾಣುತ್ತದೆ.

ಹೋದ ತಿಂಗಳು ಪುಣೆಯಿಂದ ನಮ್ಮ ಅತ್ತೆಯ ಮಗ ಬಂದಿದ್ದ. ಅವನ ಹತ್ತಿರ ಇ-ರೀಡರ್ ಇತ್ತು. ಅದರಲ್ಲಿದ್ದದ್ದು ಬರೀ ಇಂಗ್ಲಿಷ್ ಮತ್ತು ಮರಾಠಿ. ಆದರೂ ಅಪ್ಪ ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ಪರದೆಯ ಮೇಲೆ ಬೆರಳು ಸವರಿ, "ಇದೇನಪಾ, ಅಚ್ಚ ಹಾಕಿ ಅಂಟಿಸ್ಯಾರೇನು?" ಅಂದರು. ಅವತ್ತಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ.

ಬೆಲೆ ನೋಡಿದರೆ ಹದಿನೇಳು ಸಾವಿರದ ಹತ್ತಿರ. ಕೊಡಿಸಬಹುದು. ಆದರೆ ಕೇಳಬೇಕಾದದ್ದು ಮೂರು ಇದೆ. ಓದುವುದಕ್ಕೆಂದೇ ಇರುವ ಈ ಸಾಧನ ಇನ್ನೂ ಎಷ್ಟು ವರ್ಷ ಇರುತ್ತದೆ? ಅಪ್ಪ ಓದುವಂಥ ಕನ್ನಡ ಪುಸ್ತಕ ಅದರಲ್ಲಿ ಸಿಗುತ್ತದೆಯೇ? ಕೊಂಡ ಪುಸ್ತಕ ನಮ್ಮದಾಗಿ ಉಳಿಯುತ್ತದೆಯೇ?

ಬೀದರ್‌ಕೋಟೆ, ಬೀದರ್

ಅಣ್ಣಾ, ಮೊದಲನೆಯದಕ್ಕೆ ನಾನು ಉತ್ತರ ಕೊಡುತ್ತೇನೆ. ನಾನು ಬಹಳ ವರ್ಷದಿಂದ ಇ-ರೀಡರ್ ಬಳಸುತ್ತಿದ್ದೇನೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಶುರುವಾದ ಮೇಲೆ ನನ್ನ ಓದೆಲ್ಲ ಆ ರೈಲಿನಲ್ಲೇ.

ಅಪ್ಪಾಜಿ ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ. ಅದು ಹೆಚ್ಚುಕಡಿಮೆ ಅಚ್ಚೇ. ಆ ಪರದೆಯೊಳಗೆ ಕೂದಲೆಳೆಯಷ್ಟು ಅಗಲದ ಲಕ್ಷಾಂತರ ಗುಳಿಗೆಗಳಿವೆ. ಒಂದೊಂದರಲ್ಲೂ ಬಿಳಿ ಕಣ, ಕಪ್ಪು ಕಣ. ಒಂದಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ. ಕೆಳಗಿನಿಂದ ವಿದ್ಯುತ್ ಕೊಟ್ಟಾಗ ಬೇಕಾದ ಬಣ್ಣ ಮೇಲೆ ಬಂದು ನಿಲ್ಲುತ್ತದೆ. ಆಮೇಲೆ ವಿದ್ಯುತ್ ನಿಲ್ಲಿಸಿದರೂ ಪುಟ ಹಾಗೇ ಇರುತ್ತದೆ. ಪುಟ ತಿರುಗಿಸುವಾಗ ಮಾತ್ರ ಕರೆಂಟು ಬೇಕು. ಅದಕ್ಕೇ ಒಂದು ಸಲ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಫೋನಿನ ಹಾಗೆ ಪರದೆ ಕಣ್ಣಿಗೆ ಬೆಳಕು ಎಸೆಯುವುದಿಲ್ಲ. ಹೊರಗಿನ ಬೆಳಕೇ ಅದರ ಮೇಲೆ ಬಿದ್ದು ವಾಪಸ್ ಬರುತ್ತದೆ, ಕಾಗದದ ಹಾಗೆ. ಬಿಸಿಲು ಜಾಸ್ತಿ ಆದಷ್ಟೂ ಅಕ್ಷರ ಚೊಕ್ಕ. ಕತ್ತಲಾದ ಮೇಲೆ ಅಂಚಿನ ಸಣ್ಣ ದೀಪಗಳು ಹತ್ತುತ್ತವೆ, ಅವು ಕೂಡ ಪರದೆಯ ಮೇಲೆ ಹರಿಯುತ್ತವೆ, ಕಣ್ಣಿಗೆ ಹೊಡೆಯುವುದಿಲ್ಲ.

ಈ ತಂತ್ರ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. 1997ರಲ್ಲಿ ಇ ಇಂಕ್ ಎಂಬ ಕಂಪನಿ ಆಯಿತು. 2004ರಲ್ಲಿ ಸೋನಿ ಜಪಾನಿನಲ್ಲಿ ಮೊದಲ ಇ-ಇಂಕ್ ಓದುಗ ಸಾಧನ ತಂದಿತು. 2007ರ ನವೆಂಬರ್‌ನಲ್ಲಿ ಅಮೆಜಾನ್ ಕಂಪನಿಯ ಇ-ರೀಡರ್ ಕಿಂಡಲ್ ಬಂತು, 399 ಡಾಲರ್‌ಗೆ. ಐದೂವರೆ ಗಂಟೆಯಲ್ಲಿ ಖಾಲಿ. ಆಗ ಎಲ್ಲರೂ ಕಾಗದದ ಪುಸ್ತಕ ಮುಗಿಯಿತು ಅಂದರು. ಮುಗಿಯಲಿಲ್ಲ. ಅಮೆರಿಕ, ಯುರೋಪಿನಲ್ಲಿ ಇವತ್ತಿಗೂ ಜಾಸ್ತಿ ಮಾರಾಟ ಆಗುವುದು ಅಚ್ಚಾದ ಪುಸ್ತಕವೇ.

ಹೋದವರೂ ಇದ್ದಾರೆ. ಸೋನಿ 2014ರಲ್ಲಿ ಜನರಿಗೆ ಇ-ರೀಡರ್ ಮಾರುವುದನ್ನೇ ಬಿಟ್ಟಿತು. ಚೀನಾದಲ್ಲಿ ಕಿಂಡಲ್ ಇ-ಪುಸ್ತಕದ ಅಂಗಡಿ 2023ರ ಜೂನ್ 30ಕ್ಕೆ ಮುಚ್ಚಿತು. ಅಲ್ಲಿ ಜನ ಕಥೆ ಕಾದಂಬರಿ ಫೋನಿನಲ್ಲೇ ಓದುತ್ತಾರೆ. ಅದೇ ಹೊತ್ತಿಗೆ ಬೇರೆ ಕಡೆ ಹೊಸದೂ ಬಂತು. 2024ರಲ್ಲಿ ಕೋಬೋ ಎಂಬ ಇನ್ನೊಂದು ಇ-ರೀಡರ್ ಕಂಪನಿ ಬಣ್ಣದ ಪರದೆ ತಂದಿತು, ಅಕ್ಟೋಬರ್‌ನಲ್ಲಿ ಕಿಂಡಲ್ ಕೂಡ ತಂದಿತು. ಪೆನ್ನಿನಿಂದ ಬರೆಯುವ ದೊಡ್ಡ ಸ್ಲೇಟುಗಳೂ ಇವೆ. ಹಾಗಾಗಿ ಇದು ಸಾಯುವ ಸಾಮಾನಲ್ಲ. ಆದರೆ ಎಲ್ಲರ ಕೈಗೂ ಬರುವ ಸಾಮಾನೂ ಅಲ್ಲ. ಜಾಸ್ತಿ ಓದುವವರ ಸಾಮಾನು ಅಷ್ಟೇ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ, ನನಗೆ ಮುಖ್ಯ ಅನಿಸುತ್ತದೆ. ಈ ಪರದೆ ಈಗ ಪುಸ್ತಕಕ್ಕಷ್ಟೇ ಅಲ್ಲ. ಹೊರದೇಶದ ದೊಡ್ಡ ಅಂಗಡಿಗಳಲ್ಲಿ ಸಾಮಾನಿನ ಮುಂದೆ ಬೆಲೆ ತೋರಿಸುವ ಎಷ್ಟೋ ಚೀಟಿಗಳು ಇದೇ ಪರದೆ. ಓದುವವರು ಕಮ್ಮಿಯಾದರೂ ಪರದೆ ಮಾಡುವ ಕಾರ್ಖಾನೆಗೆ ಕೆಲಸ ಇದ್ದೇ ಇರುತ್ತದೆ. ಅದಕ್ಕೇ ನನಗೆ ಧೈರ್ಯ.

ಬಣ್ಣದ್ದು ಅಪ್ಪಾಜಿಗೆ ಬೇಡ. ಬಣ್ಣದ ಜಾಲರಿ ಮೇಲೆ ಬಂದರೆ ಪರದೆ ಸ್ವಲ್ಪ ಮಬ್ಬಾಗುತ್ತದೆ. ಕಪ್ಪು-ಬಿಳುಪಿನದೇ ತಗೊಳ್ಳಿ. ಇನ್ನೊಂದು ಎಚ್ಚರ ನಮ್ಮ ಕಡೆಯವರಿಗೆ. ಕಿಂಡಲ್ ಬಳಸಲು ಕಂಪನಿ ಹೇಳುವ ತಾಪಮಾನ 35 ಡಿಗ್ರಿವರೆಗೆ ಮಾತ್ರ. ನಮ್ಮಲ್ಲಿ ಮಾರ್ಚ್‌ನಲ್ಲೇ ಅದು ದಾಟುತ್ತದೆ, ಮೇ ತಿಂಗಳಲ್ಲಿ 42, 43. ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಸರಿ. ಮಧ್ಯಾಹ್ನ ಅಂಗಳದಲ್ಲಿ ಬಿಟ್ಟು ಬರಬೇಡಿ.

ಅಕ್ಷರಜೋಡಣೆ, ಶಹಾಪುರ

ಎರಡನೇ ಪ್ರಶ್ನೆ ನನ್ನ ಹೊಟ್ಟೆಪಾಡಿಗೆ ಸೇರಿದ್ದು. ನಾನು ಇಪ್ಪತ್ತೆರಡು ವರ್ಷದಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ಜೋಡಿಸುವ ಕೆಲಸ, ಮಾಡುತ್ತಿದ್ದೇನೆ. ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಕವಿಗಳ ಪುಸ್ತಕ ನನ್ನ ಕೈಯಿಂದ ಪುಟವಾಗಿ ಹೋಗಿವೆ.

"ಪುಸ್ತಕ ಕಂಪ್ಯೂಟರ್‌ನಲ್ಲೇ ಇದೆಯಲ್ಲ, ಒಂದು ಬಟನ್ ಒತ್ತಿದರೆ ಇ-ಪುಸ್ತಕ ಆಗಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಹಳೆಯ ಕೆಲಸವೆಲ್ಲ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ, ಹಳೆಯ ನುಡಿ ಥರದ ಫಾಂಟ್‌ಗಳಲ್ಲಿ ಇದೆ. ಆ ಫೈಲಿನೊಳಗೆ ಕನ್ನಡ ಇಲ್ಲವೇ ಇಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತದೆ ಅಷ್ಟೇ. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಗುರುತುಗಳ ರಾಶಿ. ಇ-ರೀಡರ್‌ಗೆ, ಹುಡುಕುವ ಯಂತ್ರಕ್ಕೆ, ಓದಿ ಹೇಳುವ ಯಂತ್ರಕ್ಕೆ ಯೂನಿಕೋಡ್ ಬೇಕು. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಫಾಂಟ್ ಯಾವುದಾದರೂ ಅಕ್ಷರ ಬದಲಾಗುವುದಿಲ್ಲ.

ಬದಲಿಸುವ ಸಾಫ್ಟ್‌ವೇರ್ ಇದೆ. ಆದರೆ ಅರ್ಕಾವತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆಯ ಫಾಂಟ್‌ನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಒತ್ತುತ್ತಿದ್ದೆವು, ಅಂದರೆ ಮೊದಲು "ನಾ", ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಮೊದಲು "ರ್", ಆಮೇಲೆ "ನಾ". ಇದು ತಪ್ಪಿದರೆ "ಕರ್ನಾಟಕ" ಹೋಗಿ "ಕನಾರ್ಟಕ" ಆಗುತ್ತದೆ. "ಸೂರ್ಯ" ಹೋಗಿ "ಸೂಯರ್". ನೀವೆಲ್ಲ ಇದನ್ನು ಎಲ್ಲೆಲ್ಲೋ ನೋಡಿರುತ್ತೀರಿ. ಜೊತೆಗೆ ಪುಟಸಂಖ್ಯೆ ವಾಕ್ಯದ ನಡುವೆ ಬಂದು ಕೂರುತ್ತದೆ. ಸಾಲಿನ ಕೊನೆಯಲ್ಲಿ ಒಡೆದ ಪದ ಒಡೆದೇ ಉಳಿಯುತ್ತದೆ. ಇನ್ನೂರು ಪುಟದ ಕಾದಂಬರಿಯನ್ನು ಮತ್ತೊಮ್ಮೆ ಸಾಲು ಸಾಲಾಗಿ ಓದಿ ತಿದ್ದಬೇಕು. ಆ ಕೂಲಿ ಯಾರು ಕೊಡುತ್ತಾರೆ?

ಅದಕ್ಕೇ ಎಲ್ಲರೂ ಪಿಡಿಎಫ್ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಪಿಡಿಎಫ್ ಅಂದರೆ ಪುಟದ ಫೋಟೋ ಇದ್ದ ಹಾಗೆ. 1/8 ಡೆಮಿ ಎಂಬ ಅಳತೆಯ ಪುಸ್ತಕದ ಪುಟ ಐದೂವರೆ ಇಂಚು ಅಗಲ. ಆರು ಇಂಚಿನ ಇ-ರೀಡರ್ ಅಂದರೆ ಅದು ಮೂಲೆಯಿಂದ ಮೂಲೆಗೆ ಆರು ಇಂಚು, ಅಗಲ ಮೂರೂವರೆ ಇಂಚಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಕ್ಷರ ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತದೆ. ದೊಡ್ಡದು ಮಾಡಿದರೆ ಸಾಲು ಪರದೆಯ ಆಚೆ ಹೋಗುತ್ತದೆ. ನಿಮ್ಮ ತಂದೆಯವರಿಗೆ ಇದರಿಂದ ಏನೂ ಉಪಯೋಗ ಇಲ್ಲ. ಅವರಿಗೆ ಬೇಕಾದದ್ದು ಇಪಬ್. ಅಕ್ಷರ ದೊಡ್ಡದು ಮಾಡಿದ ಹಾಗೆ ಸಾಲುಗಳು ತಾವೇ ಹೊಸದಾಗಿ ಜೋಡಿಸಿಕೊಳ್ಳುವ ಫೈಲು.

ನನ್ನ ನೋವು ಇನ್ನೊಂದಿದೆ. ಐದು ವರ್ಷದ ಹಿಂದೆ ನನ್ನ ಹಾರ್ಡ್ ಡಿಸ್ಕ್ ಕೆಟ್ಟಿತು. ನಲವತ್ತಕ್ಕೂ ಜಾಸ್ತಿ ಪುಸ್ತಕದ ಫೈಲು ಹೋದವು. ಆ ಲೇಖಕರಲ್ಲಿ ಕೆಲವರು ಈಗ ಇಲ್ಲ. ಅವರ ಮನೆಯಲ್ಲೂ ಪ್ರತಿ ಇಲ್ಲ. ಅವತ್ತಿನಿಂದ ನಾನು ಹೊಸ ಕೆಲಸ ಯಾವುದೇ ಬರಲಿ, ಯೂನಿಕೋಡ್‌ನಲ್ಲೇ ಮಾಡುತ್ತೇನೆ.

ತೊಗರಿಹೊಲ, ಕಲಬುರಗಿ

ಅಣ್ಣಾ, "ಕನಾರ್ಟಕ" ಎಷ್ಟು ಸಲ ನೋಡಿದ್ದೇನೋ, ಯಾಕೆ ಹಾಗಾಗುತ್ತದೆ ಅಂತ ಇವತ್ತು ಗೊತ್ತಾಯಿತು. ಅಪ್ಪನಿಗೆ ಓದಿ ಹೇಳಿದೆ. "ಅವರಿಗಿ ನನ್ನ ನಮಸ್ಕಾರ ಹೇಳು" ಅಂದರು.

ಚಿತ್ತಾಪುರದವ, ಸದ್ಯ ಬೆಂಗಳೂರು

ನಮ್ಮೂರಿನವರ ಮಾತು ನೋಡಿ ಖುಷಿಯಾಯಿತು. ಮೂರನೇ ಪ್ರಶ್ನೆ ನನಗಿರಲಿ.

ಇ-ಪುಸ್ತಕ ಕೊಂಡರೆ ಅದು ನಿಮ್ಮದೇ? ಬಹಳ ಕಡೆ ಅಲ್ಲ. ನಿಮಗೆ ಸಿಗುವುದು ಓದುವ ಪರವಾನಗಿ. 2009ರ ಜುಲೈನಲ್ಲಿ ಅಮೆಜಾನ್ ಜನರ ಕಿಂಡಲ್‌ನಿಂದ ಜಾರ್ಜ್ ಆರ್ವೆಲ್ ಅವರ ಎರಡು ಪುಸ್ತಕಗಳನ್ನು ದೂರದಿಂದಲೇ ಅಳಿಸಿತು. ಮಾರಿದವರಿಗೆ ಹಕ್ಕು ಇರಲಿಲ್ಲ ಎಂಬ ಕಾರಣಕ್ಕೆ. ದುಡ್ಡು ವಾಪಸ್ ಕೊಟ್ಟರು, ಆಮೇಲೆ ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಕೇಳಿದರು. ಆದರೆ ಮನೆಯೊಳಗಿನ ಪುಸ್ತಕ ಹೊರಗಿನವರು ತೆಗೆಯಬಹುದು ಎಂಬುದು ಅವತ್ತು ಎಲ್ಲರಿಗೂ ತಿಳಿಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಕೊಂಡವರ ಪುಸ್ತಕಗಳೂ ಹೋದವು, ದುಡ್ಡು ಮಾತ್ರ ವಾಪಸ್ ಬಂತು. 2025ರ ಫೆಬ್ರವರಿ 26ರಿಂದ ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಂತಿಯಲ್ಲಿ ಸಾಧನಕ್ಕೆ ಹಾಕುವ ದಾರಿಯನ್ನೂ ಮುಚ್ಚಿದರು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಇದೆ. ಪರವಾನಗಿ ಕೊಡುವವರು "ಕೊಳ್ಳಿ" ಅಂತ ಸುಮ್ನೆ ಬರೆಯುವ ಹಾಗಿಲ್ಲ, ಇದು ಪರವಾನಗಿ ಅಂತ ಸ್ಪಷ್ಟ ಹೇಳಬೇಕು.

ನಾನು ಯಾವ ಕಂಪನಿಯ ವಿರೋಧಿಯೂ ಅಲ್ಲ. ಕಿಂಡಲ್ ಒಳ್ಳೆಯ ಸಾಧನ. ಆದರೆ ಕನ್ನಡದವರಿಗೆ ಅದರ ಅಂಗಡಿಯಲ್ಲಿ ಜಾಗ ಹೇಗಿತ್ತು ಅಂತ ನೆನಪಿರಲಿ. 2016ರ ಡಿಸೆಂಬರ್‌ನಲ್ಲಿ ಭಾರತೀಯ ಭಾಷೆಗಳ ಇ-ಪುಸ್ತಕ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ನಿಮ್ಮ ಅತ್ತೆಯ ಮಗನ ಸಾಧನದಲ್ಲಿ ಮರಾಠಿ ಇದ್ದು ಕನ್ನಡ ಇಲ್ಲದಿರುವುದಕ್ಕೆ ಬೇರು ಅಲ್ಲಿದೆ.

ಕನ್ನಡದವರು ತಮ್ಮದೇ ದಾರಿ ಮಾಡಿಕೊಂಡರು. 2020ರಲ್ಲಿ ಮೈಲ್ಯಾಂಗ್ ಆ್ಯಪ್ ಬಂತು, ಅದರಲ್ಲಿ ಇ-ಪುಸ್ತಕ, ಕೇಳುಪುಸ್ತಕ ಎರಡೂ ಇವೆ. ಅದು ಫೋನಿನ ಆ್ಯಪ್. ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನ ಕೊಂಡರೆ ಇಂಥ ಆ್ಯಪ್‌ಗಳನ್ನೂ ಹಾಕಿಕೊಳ್ಳಬಹುದು. ಬೆಲೆ ಸ್ವಲ್ಪ ಜಾಸ್ತಿ. ಆದರೆ ನಿಮ್ಮ ತಂದೆಯವರ ಅಗತ್ಯಕ್ಕೆ ನಾನು ಅದನ್ನೇ ಮೊದಲು ನೋಡುತ್ತೇನೆ.

ಯಾವುದೇ ಕೊಳ್ಳಿ, ಮೊದಲು ಅದರಲ್ಲಿ ಕನ್ನಡದ ಒಂದು ಪುಟ ತೆರೆದು ನೋಡಿ. "ಸ್ವಾತಂತ್ರ್ಯ", "ರಾಷ್ಟ್ರ", "ಅರ್ಘ್ಯ" ಈ ಮೂರು ಪದ ಸರಿ ಕಂಡರೆ ಉಳಿದದ್ದೂ ಸರಿ. ನಾನು ಒಮ್ಮೆ ನೋಡದೆ ಕೊಂಡು ಪೇಚಾಡಿದ್ದೇನೆ. ಒತ್ತಕ್ಷರ ಪಕ್ಕಕ್ಕೆ ಬಂದು ನಿಂತಿತ್ತು, ಓದಲು ಆಗಲೇ ಇಲ್ಲ. ಕೊನೆಗೆ ಕೆಓರೀಡರ್ ಎಂಬ ಉಚಿತ ತಂತ್ರಾಂಶ ಮತ್ತು ನೋಟೋ ಕನ್ನಡ ಫಾಂಟ್ ಹಾಕಿದ ಮೇಲೆ ಸರಿಹೋಯಿತು.

ಪುಸ್ತಕದಂಗಡಿ, ಕಲಬುರಗಿ

ನಾನು ಇಪ್ಪತ್ತು ವರ್ಷದಿಂದ ಪುಸ್ತಕ ಮಾರುತ್ತೇನೆ, ವರ್ಷಕ್ಕೆ ನಾಲ್ಕೈದು ಪುಸ್ತಕ ಪ್ರಕಟವೂ ಮಾಡುತ್ತೇನೆ. ನಿಮ್ಮೆಲ್ಲರ ಮಾತು ಕೇಳಿ ಒಂದು ಮಾತು ಹೇಳಲೇಬೇಕು.

ಒಂದು ಕಾದಂಬರಿ ಐನೂರು ಪ್ರತಿ ಅಚ್ಚು ಹಾಕಿಸುತ್ತೇನೆ. ಅದು ಖರ್ಚಾಗಲು ಮೂರು ವರ್ಷ. ಗ್ರಂಥಾಲಯದ ಸಗಟು ಖರೀದಿ ಬಂದರೆ ಬಂಡವಾಳ ವಾಪಸ್, ಬರದಿದ್ದರೆ ಗೋಡೌನ್‌ನಲ್ಲಿ ಗೆದ್ದಲಿಗೆ. ಒಮ್ಮೆ ಒಬ್ಬ ಲೇಖಕರ ಒತ್ತಾಯಕ್ಕೆ ಪಿಡಿಎಫ್ ಕೊಟ್ಟೆ. ಹದಿನೈದು ದಿನದಲ್ಲಿ ಅದು ಮೂರು ವಾಟ್ಸಾಪ್ ಗುಂಪಿನಲ್ಲಿ ಸುತ್ತಿ ನನ್ನ ಫೋನಿಗೇ ವಾಪಸ್ ಬಂತು. ಕಳಿಸಿದವರು "ಸರ್, ಒಳ್ಳೆ ಪುಸ್ತಕ, ಓದಿ" ಅಂತ ಬರೆದಿದ್ದರು. ಆ ಪುಸ್ತಕದ ಮುನ್ನೂರು ಪ್ರತಿ ಇನ್ನೂ ನನ್ನ ಹತ್ತಿರ ಇವೆ.

ಯಾರು ಬೇಕಾದರೂ ನಕಲು ಮಾಡಬಹುದಾದ ತೆರೆದ ಫೈಲು ಕೊಡಿ ಅಂತ ಹೇಳುವುದು ಸುಲಭ. ಅದನ್ನು ಕೊಟ್ಟ ಮೇಲೆ ನನ್ನ ಅಂಗಡಿಯ ಬಾಡಿಗೆ ಹೇಗೆ ಕಟ್ಟಲಿ? ಲೇಖಕರಿಗೆ ಗೌರವಧನ ಎಲ್ಲಿಂದ ತರಲಿ? ಇದನ್ನು ಸಿಟ್ಟಿನಿಂದ ಕೇಳುತ್ತಿಲ್ಲ. ನಿಜವಾಗಿ ಗೊತ್ತಿಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ಚಿತ್ತಾಪುರದವ, ಸದ್ಯ ಬೆಂಗಳೂರು

ಸರ್, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಗೊತ್ತಿರುವಷ್ಟು ಹೇಳುತ್ತೇನೆ.

ನಿಮ್ಮ ಪಿಡಿಎಫ್ ಸುತ್ತಿದ ಗುಂಪಿನಲ್ಲಿ ಕೊಂಡು ಓದಲು ಬೇರೆ ದಾರಿ ಇತ್ತೇ? ಅಂಗಡಿಗೆ ಬರಬೇಕು, ಇಲ್ಲವೇ ಅಂಚೆ. ಒಳ್ಳೆಯ ಇಪಬ್ ಎಂಬತ್ತು ರೂಪಾಯಿಗೆ ಸಿಕ್ಕಿದ್ದರೆ ಅವರಲ್ಲಿ ಕೆಲವರಾದರೂ ಕೊಳ್ಳುತ್ತಿದ್ದರು ಅಂತ ನನ್ನ ನಂಬಿಕೆ. ನಕಲು ಮಾಡಲಾಗದಂತೆ ಬೀಗ ಹಾಕಿದ ಪುಸ್ತಕವೂ ಕದಿಯುವವರಿಗೆ ಸಿಗುತ್ತದೆ. ತೊಂದರೆ ಆಗುವುದು ದುಡ್ಡು ಕೊಟ್ಟವರಿಗೆ. ಈಗ ಕೆಲವು ದೇಶದ ಪ್ರಕಾಶಕರು ಬೀಗದ ಬದಲು ಫೈಲಿನೊಳಗೆ ಕೊಂಡವರ ಗುರುತು ಹಾಕಿ ಕೊಡುತ್ತಾರೆ. ತಮ್ಮ ಹೆಸರಿರುವ ಪುಸ್ತಕವನ್ನು ಗುಂಪಿಗೆ ಎಸೆಯಲು ಯಾರಿಗಾದರೂ ಸ್ವಲ್ಪ ಅಳುಕು ಇರುತ್ತದೆ.

ಜರ್ಮನಿಯ ಒಂದು ಸಂಗತಿ ನಿಮಗೆ ಹಿಡಿಸಬಹುದು. 2013ರಲ್ಲಿ ಅಲ್ಲಿನ ಪುಸ್ತಕದಂಗಡಿಯವರು, ಒಬ್ಬರಿಗೊಬ್ಬರು ಪೈಪೋಟಿಯವರೇ, ಒಂದಾಗಿ ಟೋಲಿನೋ ಎಂಬ ಇ-ರೀಡರ್ ತಂದರು. ಫೈಲು ಇಪಬ್. ಯಾವ ಅಂಗಡಿಯಲ್ಲಿ ಕೊಂಡರೂ ಓದಬಹುದು. ಅಲ್ಲಿ ಅಮೆಜಾನ್‌ಗೆ ಸರಿಸಮ ನಿಂತರು. ಸಾಧನ ಮಾಡುವುದು ನಮ್ಮಿಂದ ಆಗದ ಮಾತು. ಆದರೆ ಕಲಬುರಗಿ, ಬೀದರ್, ಧಾರವಾಡದ ಪ್ರಕಾಶಕರು ಸೇರಿ ಒಂದೇ ಥರದ ಫೈಲು, ಒಂದೇ ಥರದ ಬೆಲೆ ಅಂತ ಮಾಡಿಕೊಳ್ಳಬಹುದು ಅಲ್ವಾ?

ಸರ್ಕಾರದ ತೆರಿಗೆಯೂ ಒಂದು ಅಡ್ಡಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಮೊದಲು ಶೇ. 18 ಇತ್ತು. 2018ರ ಜುಲೈನಲ್ಲಿ ಶೇ. 5ಕ್ಕೆ ಇಳಿಸಿದರು, ಅದೂ ಅಚ್ಚಿನ ಪ್ರತಿ ಇರುವ ಪುಸ್ತಕಕ್ಕೆ ಮಾತ್ರ. ಅದೇ ಕಥೆ, ಅದೇ ಕವಿತೆ. ಕಾಗದದ ಮೇಲಿದ್ದರೆ ಒಂದು, ಪರದೆಯ ಮೇಲಿದ್ದರೆ ಇನ್ನೊಂದು. ಇದು ತಪ್ಪು ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಅರಿವುದೀಪ, ಯಾದಗಿರಿ ಜಿಲ್ಲೆ

ಅಣ್ಣಂದಿರೇ, ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು. ನಮ್ಮ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಅನ್ನುತ್ತಾರೆ. ನೀವು ಹದಿನೇಳು ಸಾವಿರದ ಸಾಧನದ ಮಾತಾಡುತ್ತಿದ್ದೀರಿ. ನನ್ನ ಹತ್ತಿರ ಬರುವ ಮಕ್ಕಳ ಮನೆಯಲ್ಲಿ ಒಂದೇ ಫೋನ್, ಅದೂ ಅಪ್ಪ ಹೊಲದಿಂದ ಬಂದ ಮೇಲೆ ಸಿಗುತ್ತದೆ.

ಕಾಗದದ ಪುಸ್ತಕ ನನಗೆ ಯಾಕೆ ಇಷ್ಟ ಅಂದರೆ ಮೂರು ಮಕ್ಕಳು ಸುತ್ತ ಕೂತು ಒಂದನ್ನೇ ಓದುತ್ತಾರೆ. ಒಬ್ಬಳು ಪುಟ ತಿರುಗಿಸುತ್ತಾಳೆ, ಇನ್ನಿಬ್ಬರು "ನಿಲ್ಲು, ಆಗಲಿಲ್ಲ" ಅಂತ ಕೂಗುತ್ತಾರೆ.

ಆದರೆ ದೀಪಾವಳಿ ಆದ ಮೇಲೆ ನನ್ನ ಗ್ರಂಥಾಲಯ ಅರ್ಧ ಖಾಲಿಯಾಗುತ್ತದೆ. ಜನ ಗುಳೆ ಹೋಗುತ್ತಾರೆ. ಬೆಂಗಳೂರು, ಪುಣೆ, ಮುಂಬೈ. ಮಕ್ಕಳೂ ಜೊತೆಗೆ. ಹೋದ ವರ್ಷ ಒಬ್ಬ ಹುಡುಗಿ ಅರ್ಧ ಓದಿದ ಪುಸ್ತಕ ತಂದು ಟೇಬಲ್ ಮೇಲೆ ಇಟ್ಟಳು. "ಮೇಡಂ, ಉಳಿದದ್ದು ಬಂದ ಮೇಲೆ ಓದ್ತೀನಿ" ಅಂದಳು. ಅವಳು ವಾಪಸ್ ಬಂದದ್ದು ಜೂನ್‌ನಲ್ಲಿ. ನಾನು ಅವತ್ತು ಅಂದುಕೊಂಡೆ, ಈ ಪುಸ್ತಕದ ಉಳಿದ ಅರ್ಧ ಅವಳ ಅಪ್ಪನ ಫೋನಿನಲ್ಲಿ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ಅದಕ್ಕೆ ಇಂಟರ್ನೆಟ್ ಇಲ್ಲದಾಗಲೂ ತೆರೆಯುವ ಸಣ್ಣ ಫೈಲು ಬೇಕು. ಸ್ಕ್ಯಾನ್ ಮಾಡಿದ ಎಂಬತ್ತು ಎಂಬಿ ಪಿಡಿಎಫ್ ಅಲ್ಲ.

ನಮ್ಮ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಿಂದ ಇದೆ. ಅದಕ್ಕೆ ನಾನೇ ಬಹಳ ಜನರನ್ನು ನೋಂದಾಯಿಸಿದ್ದೇನೆ. ಪರೀಕ್ಷೆಗೆ ಓದುವ ಹುಡುಗರಿಗೆ ಉಪಯೋಗ ಆಗಿದೆ. ಮಕ್ಕಳ ಕಥೆಗೆ ಇನ್ನೂ ಬೇಕು.

ಹೊರದೇಶದ ಗ್ರಂಥಾಲಯಗಳದ್ದೂ ಕಷ್ಟವೇ ಅಂತ ತರಬೇತಿಯಲ್ಲಿ ಕೇಳಿದೆ. 2011ರಲ್ಲಿ ದೊಡ್ಡ ಪ್ರಕಾಶನ ಸಂಸ್ಥೆ ಹಾರ್ಪರ್‌ಕಾಲಿನ್ಸ್ ಒಂದು ಇ-ಪುಸ್ತಕವನ್ನು 26 ಸಲ ಎರವಲು ಕೊಟ್ಟ ಮೇಲೆ ಮತ್ತೆ ಕೊಳ್ಳಬೇಕು ಅಂತ ನಿಯಮ ಮಾಡಿತಂತೆ. ನನ್ನ ಕಪಾಟಿನಲ್ಲಿ ಬೆನ್ನು ಹರಿದು, ಗೋಂದು ಹಚ್ಚಿ, ನೂರು ಮಕ್ಕಳ ಕೈಗೆ ಹೋಗಿ ಬಂದ ಪುಸ್ತಕ ಇದೆ. ನಾಳೆ ನಮಗೂ ಇಂಥ ಕರಾರು ಬಂದರೆ ಎಂದು ಭಯವಾಗುತ್ತದೆ.

ಕಿವಿಯೋದು, ಕಲಬುರಗಿ

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ಚರ್ಚೆಯನ್ನು ಫೋನ್ ಓದಿ ಹೇಳಿತು, ಬರೆಯುವುದೂ ಮಾತಿನಿಂದಲೇ.

ಶಹಾಪುರದ ಅಣ್ಣ ಹೇಳಿದ ಯೂನಿಕೋಡ್ ವಿಷಯ ನಿಮಗೆಲ್ಲ ಅನುಕೂಲದ ಮಾತು. ನನಗೆ ಅದು ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬ ಮಾತು. ಸ್ಕ್ಯಾನ್ ಪಿಡಿಎಫ್ ತೆರೆದರೆ ನನ್ನ ಫೋನ್ "ಚಿತ್ರ" ಅನ್ನುತ್ತದೆ, ಆಮೇಲೆ ಮೌನ. ಹಳೆಯ ಫಾಂಟಿನ ಫೈಲು ತೆರೆದರೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದುತ್ತದೆ. ಯೂನಿಕೋಡ್ ಇಪಬ್ ತೆರೆದರೆ ಕನ್ನಡ ಮಾತಾಡುತ್ತದೆ. ಮೊದಲ ಸಲ ಒಂದು ಕನ್ನಡ ಕಾದಂಬರಿಯನ್ನು ಯಾರ ಸಹಾಯವೂ ಇಲ್ಲದೆ, ರಾತ್ರಿ ಎರಡು ಗಂಟೆಯವರೆಗೆ, ನನಗೆ ಬೇಕಾದ ವೇಗದಲ್ಲಿ ಓದಿದ ದಿನ ನನಗೆ ಈಗಲೂ ನೆನಪಿದೆ. ಆಗ ನನಗೆ 34 ವರ್ಷ.

ಕಾನೂನು ನಮ್ಮ ಕಡೆ ಇದೆ. ಅಚ್ಚು ಓದಲಾಗದವರಿಗೆ ಪುಸ್ತಕ ಬದಲಿಸಿ ಕೊಡಲು ಅವಕಾಶ ಮಾಡುವ ಮರಕೇಶ್ ಒಪ್ಪಂದ 2013ರಲ್ಲಿ ಆಯಿತು. 2014ರಲ್ಲಿ ಅದನ್ನು ಅಧಿಕೃತವಾಗಿ ಒಪ್ಪಿದ ಮೊದಲ ದೇಶ ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಶುರುವಾಯಿತು. ಯುರೋಪಿನಲ್ಲಿ 2025ರ ಜೂನ್ 28ರಿಂದ ಇ-ಪುಸ್ತಕ ಮತ್ತು ಇ-ರೀಡರ್‌ಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕು ಎಂಬ ಕಾನೂನು ಜಾರಿಗೆ ಬಂದಿದೆ.

ತೊಗರಿಹೊಲದ ಅಣ್ಣಾ, ಒಂದು ಸಲಹೆ. ಓದಿ ಹೇಳುವ ಸೌಲಭ್ಯ ಇರುವ ಸಾಧನ ತಗೊಳ್ಳಿ. ನಿಮ್ಮ ತಂದೆಯವರು ಬೆಳಿಗ್ಗೆ ಕಣ್ಣಲ್ಲಿ ಓದಲಿ, ಸಂಜೆ ದಣಿದಾಗ ಅದೇ ಪುಟದಿಂದ ಕಿವಿಯಲ್ಲಿ ಓದಲಿ. ಇವೆರಡಕ್ಕೂ ಒಂದೇ ಫೈಲು ಸಾಕು.

ಅಂಗಡಿಯ ಸರ್, ನಿಮ್ಮ ಪುಸ್ತಕಕ್ಕೆ ನಾನು ದುಡ್ಡು ಕೊಡಲು ತಯಾರಿದ್ದೇನೆ. ಮಾರುವವರೇ ಸಿಗುತ್ತಿಲ್ಲ.

ಬೀದರ್‌ಕೋಟೆ, ಬೀದರ್

ಅರಿವುದೀಪ ಅಕ್ಕಾ ಹೇಳಿದ್ದು ಓದಿದ ಮೇಲೆ ನನ್ನ ಮಾತು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಜಗತ್ತಿನ ಬಹಳ ಜನರ ಇ-ರೀಡರ್ ಅಂದರೆ ಫೋನೇ. ಜಪಾನಿನಲ್ಲಿ ಇ-ಪುಸ್ತಕದ ದೊಡ್ಡ ಪಾಲು ಮಾಂಗಾ ಚಿತ್ರಕಥೆಗಳು, ಜನ ಅದನ್ನು ಫೋನಿನಲ್ಲಿ ನೋಡುತ್ತಾರೆ. 2012ರಲ್ಲಿ ಕಿಂಡಲ್ ಭಾರತಕ್ಕೆ ಬಂದಾಗ 6,999 ರೂಪಾಯಿ. 2025ರಲ್ಲಿ ಬಂದ ಕಿಂಡಲ್ ಪೇಪರ್‌ವೈಟ್ 16,999. ನಮ್ಮ ಕಡೆ ಎಷ್ಟು ಮನೆಗೆ ಇದು ಬರುತ್ತದೆ? ಸಾಧನದ ಬಗ್ಗೆ ಉದ್ದ ಬರೆದೆ. ಫೈಲಿನ ಬಗ್ಗೆ ಬರೆಯಬೇಕಿತ್ತು.

ಮಳಖೇಡದ ಹುಡುಗಿ, ಕಡಗಂಚಿ

ನಾನು ಇಲ್ಲಿ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂಎ ಓದುತ್ತಿದ್ದೇನೆ. ನನಗೆ ಕಾಗದವೇ ಇಷ್ಟ, ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ಓದಿದ ಕವಿತೆ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ.

ಆದರೆ ನಮ್ಮೂರಿನ ನೆನಪಾಯಿತು. ಕವಿರಾಜಮಾರ್ಗ 9ನೇ ಶತಮಾನದಲ್ಲಿ ನಮ್ಮ ಮಳಖೇಡದ ಆಸ್ಥಾನದಲ್ಲಿ ಆದ ಪುಸ್ತಕ. ಅಚ್ಚಾದದ್ದು 1898ರಲ್ಲಿ. ನಡುವೆ ಒಂದು ಸಾವಿರ ವರ್ಷ. ಅಷ್ಟು ಕಾಲ ಯಾವ ಒಂದು ತಾಳೆಗರಿಯೂ ಬಾಳಿಕೆ ಬರಲಿಲ್ಲ. ಯಾರೋ ಒಬ್ಬರು ನಕಲು ಮಾಡಿದರು, ಅದು ಹಾಳಾಗುವ ಮೊದಲು ಇನ್ನೊಬ್ಬರು ನಕಲು ಮಾಡಿದರು. ಬೀದರಿನ ಗವಾನ್ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿ ಇದ್ದವು ಅನ್ನುತ್ತಾರೆ. ಇವತ್ತು ಅಲ್ಲಿ ಗೋಡೆ ಇದೆ, ಮಿನಾರು ಇದೆ, ಪುಸ್ತಕ ಇಲ್ಲ. ಫ.ಗು. ಹಳಕಟ್ಟಿಯವರು ಮನೆ ಮನೆ ಸುತ್ತಿ ವಚನಗಳ ತಾಡೋಲೆ ಕೂಡಿಹಾಕಿದರು. 1923ರಲ್ಲಿ ವಚನಶಾಸ್ತ್ರ ಸಾರ ತಂದರು, 1925ರಲ್ಲಿ ಸ್ವಂತ ಮುದ್ರಣಾಲಯವನ್ನೇ ಹಾಕಿದರು. ಅವರು ಅವತ್ತಿನ ಹೊಸ ಯಂತ್ರಕ್ಕೆ ಹೆದರಲಿಲ್ಲ.

ಹೀಗಾಗಿ ನನಗೆ ಬೀಗ ಹಾಕಿದ ಇ-ಪುಸ್ತಕ ಕಂಡರೆ ಕಳವಳ. ನಕಲು ಮಾಡಲು ಬಿಡದ ಪುಸ್ತಕವನ್ನು ನೂರು ವರ್ಷದ ನಂತರದವರಿಗೆ ಯಾರು ದಾಟಿಸುತ್ತಾರೆ?

ತೊಗರಿಹೊಲ, ಕಲಬುರಗಿ

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಬೀದರ್ ಅಣ್ಣ ತಮ್ಮ ಹಳೆಯ ಸಾಧನವನ್ನು ರೈಲಿನಲ್ಲಿ ಬಂದು ಕೈಗೇ ಕೊಟ್ಟು ಹೋದರು. ಅವರ ಋಣ ದೊಡ್ಡದು. ಶಹಾಪುರದ ಅಣ್ಣ ತಾವು ಹಿಂದೆ ಜೋಡಿಸಿದ್ದ ವಚನಗಳ ಒಂದು ಸಂಗ್ರಹವನ್ನು ಯೂನಿಕೋಡ್ ಇಪಬ್ ಮಾಡಿ ಕಳಿಸಿದರು. ವಚನಗಳಿಗೆ ಹಕ್ಕಿನ ತಕರಾರು ಇಲ್ಲ ಅಂತ ಮೊದಲು ಅದನ್ನೇ ಆರಿಸಿದೆವು. "ಸ್ವಾತಂತ್ರ್ಯ", "ರಾಷ್ಟ್ರ", "ಅರ್ಘ್ಯ" ಮೂರೂ ಸರಿ ಬಂದವು.

ಅಕ್ಷರ ಎಷ್ಟು ದೊಡ್ಡದು ಮಾಡಿದೆ ಅಂದರೆ ಪರದೆಗೆ ಒಂಬತ್ತು ಸಾಲು. ಅಪ್ಪ ಮೊದಲ ದಿನ ಬೇವಿನ ಗಿಡದ ಕೆಳಗೆ ಒಂದೂವರೆ ಗಂಟೆ ಕೂತರು. ಚಹಾ ಆರಿತು. "ಕಣ್ಣಿಗಿ ಹಿತ ಅದ ನೋಡಪಾ" ಅಂದರು. ಇಷ್ಟು ಹೊತ್ತು ಕೂತು ಓದಿದ್ದನ್ನು ನಾನು ನೋಡಿ ನಾಲ್ಕು ವರ್ಷವಾಗಿತ್ತು. ನನಗೆ ಒಳಗೆ ಹೋಗಿ ಕಣ್ಣು ಒರೆಸಿಕೊಳ್ಳಬೇಕಾಯಿತು.

ಮೂರನೇ ದಿನ ಒಂದು ನೋಟ್‌ಬುಕ್ ಕೇಳಿದರು. ಕೆಂಪು ಪೆನ್ನೂ ಬೇಕು ಅಂದರು. ನೋಡಿದರೆ ತಪ್ಪು ಬರೆದುಕೊಳ್ಳುತ್ತಿದ್ದಾರೆ. ಯಾವ ವಚನ, ಯಾವ ಸಾಲು, ಇರುವುದೇನು, ಇರಬೇಕಾದದ್ದೇನು. ಅರ್ಕಾವತ್ತು ತಪ್ಪಿದ್ದು, ಒಡೆದ ಪದ, ಎರಡು ಕಡೆ ವಚನದ ನಡುವೆ ಪುಟಸಂಖ್ಯೆ. ಒಟ್ಟು 43. ನೋಟ್‌ಬುಕ್ಕಿನ ಫೋಟೋ ಶಹಾಪುರಕ್ಕೆ ಕಳಿಸಿದ್ದೇನೆ. ಇನ್ನೊಂದು ಪುಸ್ತಕ ಇದ್ದರೆ ಅದನ್ನೂ ಕಳಿಸಲು ಹೇಳಿದ್ದಾರೆ. ಕೂಲಿ ಬೇಡವಂತೆ, ಪುಸ್ತಕ ಬೇಕಂತೆ.

ಸಾಧನ ಇನ್ನೂ ಕೊಂಡಿಲ್ಲ. ಆಂಡ್ರಾಯ್ಡ್‌ನದು, ಓದಿ ಹೇಳುವಂಥದ್ದು, ಅದನ್ನೇ ತಗೊಳ್ಳುತ್ತೇವೆ. ಮುಂದಿನ ಸಂಬಳಕ್ಕೆ.

ಅಕ್ಷರಜೋಡಣೆ, ಶಹಾಪುರ

43ರಲ್ಲಿ 41 ನನ್ನ ತಪ್ಪು, ತಿದ್ದಿದ್ದೇನೆ. ಉಳಿದ ಎರಡು ಮೂಲದಲ್ಲೇ ಹಾಗಿರಬಹುದೆಂದು ಅನುಮಾನ, ಗುರುಗಳ ಜೊತೆ ಫೋನಿನಲ್ಲಿ ಮಾತಾಡಬೇಕು. ತಿದ್ದಿದ ಫೈಲನ್ನು ಅರಿವುದೀಪ ಅಕ್ಕಾಗೂ ಕಿವಿಯೋದು ಸರ್‌ಗೂ ಕಳಿಸಿದ್ದೇನೆ. ಒಂದು ಎಂಬಿಯೂ ಇಲ್ಲ.

ಕಿವಿಯೋದು, ಕಲಬುರಗಿ

ಬಂತು. ಪೂರ್ತಿ ಕೇಳಿದೆ. ಒಂದು ಕಡೆಯೂ ತೊಡಕಾಗಲಿಲ್ಲ.

ಪುಸ್ತಕದಂಗಡಿ, ಕಲಬುರಗಿ

ಎರಡು ಸಲ ಬರೆದು ಅಳಿಸಿದೆ, ಈಗ ಹೇಳುತ್ತೇನೆ. ನನ್ನ ಹತ್ತಿರ ಅಚ್ಚು ಮುಗಿದ ಎರಡು ಪುಸ್ತಕ ಇವೆ. ಒಂದು ಕಥಾಸಂಕಲನ, ಒಂದು ಮಕ್ಕಳ ಕಥೆ. ಇನ್ನು ಅಚ್ಚು ಹಾಕಿಸುವ ಶಕ್ತಿ ಇಲ್ಲ. ಇಬ್ಬರು ಲೇಖಕರಿಗೂ ಫೋನ್ ಮಾಡಿದೆ, ಒಪ್ಪಿದ್ದಾರೆ. ಇಪಬ್ ಮಾಡಿ, ಎಂಬತ್ತು ರೂಪಾಯಿ ಇಟ್ಟು ಮಾರಿ ನೋಡೋಣ. ಮಕ್ಕಳ ಕಥೆ ಅರಿವು ಕೇಂದ್ರದ ಮಕ್ಕಳಿಗೆ ಹಾಗೇ ಕೊಡೋಣ.

ಫೈಲು ಹಳೆಯ ಪೇಜ್‌ಮೇಕರ್, ಸಿಡಿಯಲ್ಲಿದೆ. ಸಿಡಿ ಓದುವ ಕಂಪ್ಯೂಟರ್ ನನ್ನಲ್ಲಿಲ್ಲ. ಶಹಾಪುರದ ಅಣ್ಣಾ, ಭಾನುವಾರ ಈ ಕಡೆ ಬಂದರೆ ಅಂಗಡಿ ತೆರೆದಿರುತ್ತೇನೆ. ಮಾಸ್ತರರನ್ನೂ ಕರೆದುಕೊಂಡು ಬನ್ನಿ.